ಬಾಂಡ್ ಇನ್ನು ಯಾರ ಮನೆಯವನು?

ನಿನ್ನೆ ಊಟ ಆದ್ಮೇಲೆ ಅಪ್ಪನ ಜೊತೆ ಕೂತು ಹಳೇ ಜೇಮ್ಸ್ ಬಾಂಡ್ ಸಿನಿಮಾ ನೋಡಿದೆ. ಕಪ್ಪು ಪರದೆ ಮೇಲೆ ಆ ಬಿಳಿ ಚುಕ್ಕಿ ಸರಿದು ಬಂತು, ಬಾಂಡ್ ಗಕ್ಕನೆ ತಿರುಗಿ ಗುಂಡು ಹಾರಿಸಿದ. ಅಪ್ಪ ಈಗಲೂ ಆ ಟ್ಯೂನ್‌ಗೆ ಕುರ್ಚಿ ಮೇಲೆ ತಾಳ ಹಾಕ್ತಾರೆ.

1962ರ ಮೊದಲ ಚಿತ್ರದಿಂದಲೂ ಬಾಂಡ್ ಚಿತ್ರಗಳ ನಿರ್ಮಾಪಕರಾದ ಬ್ರಾಕೊಲಿ ಮನೆತನ ಈ ಪಾತ್ರವನ್ನ ಮನೆಮಗನ ಹಾಗೆ ಕಾಪಾಡಿತ್ತು. 2022ರಲ್ಲಿ ಎಂಜಿಎಂ ಅನ್ನೋ ಸಿನಿಮಾ ಸ್ಟುಡಿಯೋನ ಕೊಂಡ ಅಮೆಜಾನ್‌ಗೆ ಕಥೆಯ ಹಿಡಿತವನ್ನೂ ಬಿಟ್ಟುಕೊಡ್ತೀವಿ ಅಂತ 2025ರ ಫೆಬ್ರವರಿಯಲ್ಲಿ ಹೇಳಿಬಿಟ್ರು. ಮುಂದಿನ ಚಿತ್ರದ ನಿರ್ದೇಶನಕ್ಕೆ ‘ಡ್ಯೂನ್’ ಮಾಡಿದ ಡೆನಿ ವಿಲ್ನವ್ ಅಂತ ಗೊತ್ತಾದಾಗ ಸ್ವಲ್ಪ ಸಮಾಧಾನ ಆಯ್ತು. ಆದ್ರೆ ಅಮೆಜಾನ್‌ನವರು ಖಳನಾಯಕನಿಗೊಂದು, ಬಾಂಡ್‌ನ ಬಾಸ್‌ನ ಸೆಕ್ರೆಟರಿ ಮನಿಪೆನ್ನಿಗೊಂದು ಅಂತ ವೆಬ್ ಸರಣಿ ಶುರು ಮಾಡಿದ್ರೆ ನಂಗೆ ನಿಜಕ್ಕೂ ಸಂಕಟ ಆಗತ್ತೆ. ವರ್ಷಗಟ್ಟಲೆ ಕಾದು ಥಿಯೇಟರ್‌ಗೆ ಹೋಗೋದ್ರಲ್ಲೇ ಅರ್ಧ ಸುಖ ಇತ್ತು.

ಮುಂದಿನ ಬಾಂಡ್ ಬಂದಾಗ ಮೊದಲ ದಿನವೇ ಅಪ್ಪನ್ನ ಕರ್ಕೊಂಡು ಹೋಗ್ತೀನಿ.