ಹೋಟೆಲ್‌ಗೆ ಪೀಠೋಪಕರಣ ಆರಿಸುವಾಗ

ಹೋಟೆಲ್‌ಗೆ ಪೀಠೋಪಕರಣ ಆರಿಸುವವರು ಮೊದಲು ಕ್ಯಾಟಲಾಗ್ ಮುಚ್ಚಿಡಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಮನೆಯ ಸೋಫಾ ಮೇಲೆ ದಿನಾ ಕೂರುವುದು ಅದೇ ನಾಲ್ಕು ಜನ. ಲಾಬಿಯ ಸೋಫಾ ಹಾಗಲ್ಲ, ಒದ್ದೆ ಕೊಡೆ ಹಿಡಿದು ಬರುವವರು, ಸೂಟ್‌ಕೇಸ್ ಒರಗಿಸುವವರು, ಹತ್ತಿ ಕುಣಿಯುವ ಮಕ್ಕಳು, ಎಲ್ಲರನ್ನೂ ತಾಳಿಕೊಂಡು ಆಮೇಲೂ ಅದು ಚೆನ್ನಾಗಿ ಕಾಣಬೇಕು.

ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ಮೊದಲು ಮಾರ್ಟಿಂಡೇಲ್ ಅಂಕಿ ಕೇಳಿ. ಎಷ್ಟು ಸಲ ಉಜ್ಜಿದರೆ ಬಟ್ಟೆ ಸವೆಯುತ್ತದೆ ಅನ್ನುವ ಪರೀಕ್ಷೆ ಅದು. ಜನ ಜಾಸ್ತಿ ಬಳಸುವ ಜಾಗಕ್ಕೆ 30,000ಕ್ಕಿಂತ ಕಡಿಮೆ ಬೇಡ. ಬೇಗ ಬೆಂಕಿ ಹತ್ತುವುದಿಲ್ಲ ಅನ್ನೋ ಪ್ರಮಾಣಪತ್ರ ಇಲ್ಲದಿದ್ದರೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಊಟದ ಮೇಜು ಸುಮಾರು 75 ಸೆಂ.ಮೀ., ಕುರ್ಚಿಯ ಆಸನ 45 ಸೆಂ.ಮೀ. ಎತ್ತರವಿದ್ದರೆ ಸರಿ.

ರೂಮಿನಲ್ಲಿ ಅತಿಥಿಗೆ ನೆನಪಿರುವುದು ಗೋಡೆಯ ಚಿತ್ರ ಅಲ್ಲ. ಮಲಗಿದಲ್ಲೇ ಕೈಗೆ ಸಿಗುವ ಸ್ವಿಚ್, ದಿಂಬಿನ ಪಕ್ಕ ಚಾರ್ಜಿಂಗ್ ಪಾಯಿಂಟ್, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುಮಾರಿನ ಬೆಚ್ಚನೆ ಹಳದಿ ಬೆಳಕು, ಸೂಟ್‌ಕೇಸ್ ಇಡೋಕೆ ಒಂದು ಸ್ಟ್ಯಾಂಡ್, ಇಷ್ಟೇ ಅಲ್ವಾ ನಮಗೂ ಬೇಕಾಗೋದು?

ದೊಡ್ಡ ಆರ್ಡರ್ ಕೊಡುವ ಮುಂಚೆ ಒಂದು ಮಾದರಿ ರೂಮ್ ಮಾಡಿಸಿ. ಮಾಲೀಕರು ಸುಮ್ನೆ ನೋಡಿ ಹೋದರೆ ಸಾಲದು, ಹೌಸ್‌ಕೀಪಿಂಗ್‌ನವರನ್ನೇ ಕರೆದು ಹಾಸಿಗೆ ಹಾಸಲು, ಮಂಚದ ಕೆಳಗೆ ಗುಡಿಸಲು, ಶವರ್ ಗಾಜು ಒರೆಸಲು ಹೇಳಿ. ದಿನಾ ಬಗ್ಗಿ ಏಳುವವರು ಅವರು, ಅವರ ಮಾತಿಗೆ ಬೆಲೆ ಕೊಡಲೇಬೇಕು. ಆರ್ಡರ್ ಮಾಡುವಾಗ ಅದೇ ಲಾಟ್‌ನ ಬಟ್ಟೆ ಸ್ವಲ್ಪ ಹೆಚ್ಚಿಗೆ ತರಿಸಿಡಿ, ಮುಂದಿನ ಲಾಟ್‌ನಲ್ಲಿ ಬಣ್ಣ ಹೊಂದದೇ ಹೋಗಬಹುದು.