ಅರ್ಧಕ್ಕೆ ನಿಂತ ಭಿನ್ನರಾಶಿ

ಪೆರ್ಡೂರು ಕಡೆಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ ವರ್ಗವಾಗಿ ಹೋಗಿದ್ದರು. ಬಿ.ಎಡ್. ಮುಗಿಸಿ ಮದುವೆ, ಮಗು ಎಂದು ಮನೆಯಲ್ಲೇ ಉಳಿದಿದ್ದ ನನಗೆ ಅಲ್ಲಿನ ಮುಖ್ಯ ಶಿಕ್ಷಕಿ ಫೋನ್ ಮಾಡಿದರು. "ಅತಿಥಿ ಶಿಕ್ಷಕಿಯಾಗಿ ಬರುತ್ತೀರಾ? ಒಂದು ದಿನ ಬಂದು ತರಗತಿ ನೋಡಿ, ಮತ್ತೆ ಹೇಳಿ."

ಮನೆಯಲ್ಲಿ ಲೆಕ್ಕ ಹಾಕಿದೆವು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000. ಬೇಸಗೆ ರಜೆಗೆ ಅದೂ ಇಲ್ಲ. ಕಾಯಂ ಶಿಕ್ಷಕರು ಆ ಹುದ್ದೆಗೆ ಬಂದರೆ ನಮ್ಮ ಕೆಲಸ ಮುಗಿಯಿತು. ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ ನಿಜ, ಆದರೆ ಉಡುಪಿಯ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. "ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಆದರೆ ನಿನ್ನ ಕೈಗೆ ಉಳಿಯುವುದೆಷ್ಟು?" ಎಂದು ಅತ್ತೆ ಕೇಳಿದ್ದು ನ್ಯಾಯವೇ. ಅದೇ ಪಠ್ಯ, ಅದೇ ಮಕ್ಕಳು, ಅದೇ ಹೊಣೆ ಇರುವಾಗ ಕಾಯಂ ಶಿಕ್ಷಕರಿಗೂ ನಮಗೂ ಸಂಬಳದಲ್ಲಿ ಇಷ್ಟು ಅಂತರ ಸರಿಯಲ್ಲ.

ಹೋದ ದಿನ ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿತ್ತು. ಆರು ಮತ್ತು ಏಳನೆಯ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಮಕ್ಕಳು ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದರು; ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದರು. ಆರನೆಯವರ ನೋಟ್‌ಪುಸ್ತಕ ತೆರೆದು ನೋಡಿದೆ. ಜೂನ್‌ನಲ್ಲಿ ಭಿನ್ನರಾಶಿ ಶುರುವಾಗಿ ಎರಡು ಪುಟಕ್ಕೆ ನಿಂತಿತ್ತು. ಮುಂದಿನ ಪುಟದಲ್ಲಿ ದಶಮಾಂಶ, ಬೇರೆಯವರ ಸಹಿ. ಅದರ ಮುಂದೆ ರೇಖಾಗಣಿತ, ಇನ್ನೊಬ್ಬರ ಸಹಿ. ಬಿಡುವಿದ್ದವರು ಬಂದು ತಮಗೆ ಕಂಡದ್ದನ್ನು ಕಲಿಸಿ ಹೋಗಿದ್ದರು. ಅವರನ್ನು ದೂರುವಂತಿಲ್ಲ, ಅವರವರ ತರಗತಿಗಳೇ ಅವರಿಗೆ ಬೇಕಾದಷ್ಟಿದ್ದವು.

ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಎಂದೆ. ಬಹುತೇಕ ಎಲ್ಲರೂ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆದರು. ತಪ್ಪೆಂದು ಹೇಳದೆ ಒಂದೊಂದು ಹಾಳೆ ಹರಿದು ಕೊಟ್ಟೆ. ಉದ್ದಕ್ಕೆ ಎರಡಾಗಿ, ಅಡ್ಡಕ್ಕೆ ಮೂರಾಗಿ ಮಡಚಲು ಹೇಳಿದೆ. ಬಿಚ್ಚಿದಾಗ ಆರು ಮನೆಗಳು. ಅರ್ಧವೆಂದರೆ ಮೂರು ಮನೆ, ಮೂರನೇ ಒಂದೆಂದರೆ ಎರಡು ಮನೆ. ಎಣಿಸುತ್ತಾ ಹೋದರು. ಕಿಟಕಿಯ ಪಕ್ಕ ಕೂತ ಬಾಗಲಕೋಟೆಯ ಹುಡುಗ ತನ್ನ 2/5 ಅನ್ನು ನೋಡುತ್ತಲೇ ಇದ್ದ. ಐದರಲ್ಲಿ ಎರಡು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತದೆ ಟೀಚರ್?" ಎಂದ. ಉತ್ತರವನ್ನು ಪಕ್ಕದವಳು ಹೇಳಿದಳು: ಆರರಲ್ಲಿ ಐದು. ಈ ಪ್ರಶ್ನೆ ಹುಟ್ಟುವವರೆಗೆ ಮಗುವಿನ ಜೊತೆ ಕಾಯುವುದೇ ಗಣಿತ ಕಲಿಸುವುದು ಎಂದು ನಾನು ನಂಬಿದ್ದೇನೆ. ದಿನಕ್ಕೊಬ್ಬರು ಬಂದರೆ ಹಾಗೆ ಕಾಯುವವರು ಯಾರು?

ಮಧ್ಯಾಹ್ನ ಬಿಸಿಯೂಟದ ಬಳಿಕ ಮುಖ್ಯ ಶಿಕ್ಷಕಿಯ ಹತ್ತಿರ ಕೂತು ಮಾತಾಡಿದೆ. ಕಾಯಂ ಶಿಕ್ಷಕರು ಬಂದರೆ ನನಗೆ ಬೇಸರವಿಲ್ಲ, ಶಾಲೆಗೆ ಬೇಕಾದದ್ದೇ ಅದು. ಆದರೆ ಎತ್ತಿಕೊಂಡ ಪಾಠ ಮುಗಿಯುವ ತನಕವಾದರೂ ನನ್ನನ್ನು ಇರಲು ಬಿಡಬೇಕು ಎಂದೆ. "ಅದು ನನ್ನ ಕೈಯಲ್ಲಿಲ್ಲ. ಬಂದವರನ್ನು ಒಂದು ದಿನ ನಿಮ್ಮ ಜೊತೆ ಕೂರಿಸುತ್ತೇನೆ, ಅಷ್ಟು ಮಾಡಬಲ್ಲೆ" ಎಂದರು.

ಪಾಠ ಯೋಜನೆಯ ಪುಸ್ತಕದಲ್ಲಿ ಏನು ಕಲಿಸಿದೆವು ಎಂಬುದು ಇರುತ್ತದೆ. ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಟೀಚರ ತಲೆಯಲ್ಲೇ ಉಳಿದು ಅವರೊಂದಿಗೆ ಊರು ಬಿಡುತ್ತದೆ. ಸೋಮವಾರದಿಂದ ಬರುತ್ತೇನೆ ಎಂದು ಹೇಳಿ ಹೊರಟೆ. ಹಿರಿಯಡ್ಕದಲ್ಲಿ ಇಳಿದು ಇನ್ನೂರು ಪುಟದ ಪುಸ್ತಕ ಕೊಂಡೆ. ಮಗುವಿಗೊಂದು ಪುಟ. ನನ್ನ ನಂತರ ಯಾರೇ ಬರಲಿ, ಅದನ್ನು ಅವರ ಕೈಗೆ ಕೊಡಬೇಕು.