ಎರಡೂ ಕಾಲ ಮೇಲೆ ನಿಂತಿರ್ತೀಯಾ?

"ಓಡುವಾಗ ಯಾವತ್ತಾದ್ರೂ ಎರಡೂ ಕಾಲ ಮೇಲೆ ನಿಂತಿರ್ತೀಯಾ ಮಗಾ?"

ಭಾನುವಾರದಿಂದ ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಚಾಮುಂಡಿ ಬೆಟ್ಟದ ಪಾದದ ಹತ್ತಿರ ಗರಡಿಯ ಹಿರಿಯ ಪೈಲ್ವಾನರೊಬ್ಬರು ನಮ್ಮ ಗುಂಪಿನ ಹುಡುಗನನ್ನು ಕೇಳಿದ್ದು. ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿರುವ ಹುಡುಗ. ಮೆಟ್ಟಿಲು ಇಳಿದು ಬಂದವನು ಎಡಗಾಲಿನ ಮೀನಖಂಡ ಹಿಡಿದುಕೊಂಡು ಕೂತಿದ್ದ. "ದಿನಾ ನೂರು ಬಸ್ಕಿ ಹೊಡೀತೀನಿ ತಾತ, ಆದ್ರೂ ಹೀಗೆ" ಎಂದ. ಅದಕ್ಕೆ ಈ ಪ್ರಶ್ನೆ.

ಆಮೇಲೆ ಒಂದೇ ಕಾಲಲ್ಲಿ ನಿಧಾನಕ್ಕೆ ಕೂತು ಏಳಲು ಹೇಳಿದರು. ಅವನ ಮಂಡಿ ಒಳಕ್ಕೆ ವಾಲಿತು, ಸೊಂಟ ಒಂದು ಕಡೆ ಜಗ್ಗಿತು, ಅರ್ಧಕ್ಕೇ ಕೈ ಊರಿದ. ಮೆಟ್ಟಿಲ ಅಂಚಿನಲ್ಲಿ ನಿಲ್ಲಿಸಿ ಒಂದೊಂದೇ ಕಾಲಲ್ಲಿ ಹಿಮ್ಮಡಿ ಎತ್ತಿಸಿದರು. ಬಲಗಾಲು ಚೆನ್ನಾಗಿಯೇ ಎತ್ತಿತು. ಎಡಗಾಲು ಹತ್ತು ಆಗುವ ಮೊದಲೇ ನಡುಗಿತು. ಫಿಸಿಯೋಗಳು ಬಹಳ ಕಾಲದಿಂದ ಇದಕ್ಕೆ ಇಟ್ಟುಕೊಂಡಿರುವ ಅಳತೆ ಒಂದು ಕಾಲಿಗೆ 25 ಸಲ.

ಅಷ್ಟರಲ್ಲಿ ನಮಗೆ ಓಟ ಹೇಳಿಕೊಡುವವರು ಬಂದರು. "ಅದೆಲ್ಲ ಬೇಡ. ಕಿಲೋಮೀಟರ್ ಜಾಸ್ತಿ ಮಾಡು, ಕಾಲು ತಾನಾಗೇ ಗಟ್ಟಿ ಆಗುತ್ತೆ." ನನಗೆ ನಿಜವಾಗಿಯೂ ಸಿಟ್ಟು ಬಂತು. ಒಳ್ಳೆಯ ಮನುಷ್ಯ, ಕತ್ತಲಲ್ಲೇ ಎದ್ದು ಎಲ್ಲರಿಗೂ ನೀರು ಹೊತ್ತು ತರುತ್ತಾರೆ. ಆದರೆ ಕುಂಟುತ್ತಿರುವ ಹುಡುಗನಿಗೆ ಹೇಳುವ ಮಾತಾ ಅದು?

ಎರಡೂ ಕಾಲ ಮೇಲೆ ನಿಂತಿರ್ತೀಯಾ? ಇಲ್ಲ, ಯಾರೂ ನಿಂತಿರುವುದಿಲ್ಲ. ಓಟದಲ್ಲಿ ನೆಲ ಮುಟ್ಟುವುದು ಒಂದು ಸಲಕ್ಕೆ ಒಂದೇ ಪಾದ. ದೇಹದ ತೂಕದ ಎರಡು-ಮೂರು ಪಟ್ಟು ಭಾರ ಆ ಒಂದು ಕಾಲಿಗೆ ಬೀಳುತ್ತದೆ. ಮೀನಖಂಡದೊಳಗಿನ ಸೋಲಿಯಸ್ ಸ್ನಾಯುವಿನ ಮೇಲೆ ಅದಕ್ಕಿಂತಲೂ ಜಾಸ್ತಿ. ಮಂಡಿ ಮಡಿಸಿಕೊಂಡೇ ಹಿಮ್ಮಡಿ ಎತ್ತಿದರೆ ಆ ಸ್ನಾಯುವಿಗೆ ಹೆಚ್ಚು ಕೆಲಸ ಸಿಗುತ್ತದೆ. ಬಸ್ಕಿಯಲ್ಲಿ ಸೋತ ಕಾಲಿನ ಪಾಲನ್ನು ಇನ್ನೊಂದು ಕಾಲು ಹೊತ್ತುಬಿಡುತ್ತೆ, ಗೊತ್ತೇ ಆಗಲ್ಲ. ನೂರನ್ನು ಇನ್ನೂರು ಮಾಡಿದರೆ ದಮ್ಮು ಬೆಳೆಯುತ್ತದೆ. ಬಲ ಬೇಕೆಂದರೆ ಐದಾರು ಸಲಕ್ಕೇ ಸಾಕು ಅನ್ನಿಸುವಷ್ಟು ಕಷ್ಟ ಇರಬೇಕು. ಕಬ್ಬಿಣದ ಭಾರ ಎತ್ತದೆಯೂ ಅದು ಆಗುತ್ತದೆ. ಒಂದೇ ಕಾಲು, ನಿಧಾನ ಇಳಿತ, ಕೆಳಗೆ ಸ್ವಲ್ಪ ಹೊತ್ತು ತಡೆ. ಮೊದಲು ಕುರ್ಚಿಯ ಎತ್ತರಕ್ಕೆ, ತಿಂಗಳುಗಳ ಮೇಲೆ ಮಣೆಯ ಎತ್ತರಕ್ಕೆ, ಕೊನೆಗೆ ಪೂರ್ತಿ ಪಿಸ್ತೂಲ್ ಸ್ಕ್ವಾಟ್, ಅಂದರೆ ಇನ್ನೊಂದು ಕಾಲು ಮುಂದಕ್ಕೆ ಚಾಚಿ ಒಂದೇ ಕಾಲಲ್ಲಿ ಪೂರ್ತಿ ಕೂತು ಏಳೋದು.

ಹುಡುಗನ ವಾಚು ವೇಗ, ಎದೆಬಡಿತ, ನಿದ್ದೆ ಎಲ್ಲ ಲೆಕ್ಕ ಇಡುತ್ತದೆ. ಸೊಂಟ ಜಗ್ಗಿದ್ದು ಕಂಡಿದ್ದು ತಾತನಿಗೆ. ಮೈಸೂರಿನ ಗರಡಿಗಳಲ್ಲಿ ಇಂಥ ಕಣ್ಣಿರುವವರು ಇನ್ನೂ ಇದ್ದಾರೆ. ನಮಗೆ ಅವರ ನೆನಪಾಗುವುದು ದಸರಾ ಕುಸ್ತಿ ಹೊತ್ತಿಗೆ ಮಾತ್ರ. ಓಡುವ ಗುಂಪುಗಳೋ ಬಡಾವಣೆಗೊಂದು ಹುಟ್ಟಿವೆ. ನೋವಾದವರು ಒಬ್ಬೊಬ್ಬರೇ ಬರೋದು ನಿಲ್ಲಿಸುತ್ತಾರೆ. "ಕೆಲಸ ಇರ್ಬೇಕು" ಅಂದುಕೊಂಡು ಉಳಿದವರು ಮುಂದೆ ಓಡುತ್ತೇವೆ. ಇದು ನನಗೆ ಸಹಿಸೋಕಾಗಲ್ಲ.

ಹುಡುಗನನ್ನು ಮೊದಲು ಫಿಸಿಯೋ ಹತ್ತಿರ ಕಳಿಸಿದ್ದೇನೆ. ವಾಸಿಯಾದ ಮೇಲೆ ನಾರ್ಡಿಕ್ ಕರ್ಲ್ ಕೂಡ ಶುರು ಮಾಡಿಸಬೇಕು. ಮಂಡಿಯೂರಿ, ಮೈ ನೆಟ್ಟಗಿಟ್ಟು ಮುಂದಕ್ಕೆ ವಾಲುತ್ತಾ, ತೊಡೆಯ ಹಿಂಭಾಗದ ಬಲದಲ್ಲೇ ಬೀಳುವುದನ್ನು ತಡೆಯೋದು. ಫುಟ್ಬಾಲ್ ಆಟಗಾರರಲ್ಲಿ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳ ಗಾಯ ಕಡಿಮೆ ಮಾಡಿದ ವ್ಯಾಯಾಮ ಇದು. ಹಿಂದಿನಿಂದ ಕಾಲು ಹಿಡಿಯೋಕೆ ಒಬ್ಬರು ಬೇಕು. ನಾನು ಹಿಡೀತೀನಿ ಅಂತ ಅವನಿಗೆ ಹೇಳಿಯಾಗಿದೆ.